ಕ್ರೂಸ್ ಕಂಟ್ರೋಲ್ ನಾವೇ ಹಾಕಿಕೊಳ್ಳಬಹುದಾ? ಹಿಡಿಯೋದು ಸುಲಭ, ಬಿಡೋದು ಕಷ್ಟ

ಪ್ರಶ್ನೆ: ಸರ್, ನಾನಿರೋದು ನಾಗರಬಾವಿಯಲ್ಲಿ, ಅಪ್ಪ ಅಮ್ಮ ಮೈಸೂರಲ್ಲಿ. ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತೇನೆ. ನನ್ನದು 2021ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರ್, ಮಧ್ಯದ ವೇರಿಯಂಟ್. ಇದೇ ಕಾರಿನ ಟಾಪ್ ಮಾಡಲ್‌ನಲ್ಲಿ ಕ್ರೂಸ್ ಕಂಟ್ರೋಲ್ (ಎಕ್ಸಿಲೇಟರ್ ಒತ್ತದೆಯೇ ಕಾರು ಒಂದೇ ಸ್ಪೀಡ್‌ನಲ್ಲಿ ಓಡೋ ಸೌಲಭ್ಯ) ಇದೆ, ನನ್ನದರಲ್ಲಿ ಇಲ್ಲ. ಹೈವೇಯಲ್ಲಿ ಒಂದೇ ಸಮ ಎಕ್ಸಿಲೇಟರ್ ಒತ್ತಿ ಬಲಗಾಲಿನ ಪಾದ ಹಿಡಿದುಕೊಳ್ಳುತ್ತೆ. ಗೊತ್ತೇ ಆಗದ ಹಾಗೆ ಸ್ಪೀಡ್ ಏರಿ ಎರಡು ಸಲ ಚಲನ್ ಕೂಡ ಬಂತು. ಆನ್‌ಲೈನ್‌ನಲ್ಲಿ ಆರೂವರೆ ಸಾವಿರಕ್ಕೆ ಒಂದು ಕಿಟ್ ಸಿಗುತ್ತೆ, 'ಪ್ಲಗ್ ಅಂಡ್ ಪ್ಲೇ' ಅಂತ ಹಾಕಿದ್ದಾರೆ. ಜೆ.ಸಿ. ರೋಡ್‌ನಲ್ಲಿ ವಿಚಾರಿಸಿದರೆ ಹದಿನಾಲ್ಕು ಸಾವಿರ, ಅರ್ಧ ಗಂಟೆ ಕೆಲಸ ಅಂದರು. ಸರ್ವಿಸ್ ಸೆಂಟರ್‌ನವರು ಎಕ್ಸ್‌ಟೆಂಡೆಡ್ ವಾರಂಟಿ ಹೋಗುತ್ತೆ ಅಂತಾರೆ. ನನಗೆ ಸೋಲ್ಡರಿಂಗ್ ಬರುತ್ತೆ, ಮಲ್ಟಿಮೀಟರ್ ಇದೆ, ಸ್ಟೀರಿಯೋ ಮತ್ತೆ ರಿವರ್ಸ್ ಕ್ಯಾಮೆರಾ ನಾನೇ ಹಾಕಿದ್ದೇನೆ. ಇದನ್ನೂ ನಾನೇ ಹಾಕಿಕೊಳ್ಳಬಹುದಾ? ನನ್ನ ಹೆಂಡತಿಗೆ ಮಾತ್ರ ಭಯ, ಕಾರು ನಿಲ್ಲದೆ ಓಡಿಬಿಟ್ಟರೆ ಏನು ಗತಿ ಅಂತ.

ಉತ್ತರ: ನೀವು ಕೇಳಿದ್ದು ಒಂದು, ನಿಮ್ಮ ಮನೆಯವರು ಕೇಳಿದ್ದು ಇನ್ನೊಂದು. ನಾನು ಅವರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅಸಲಿ ಪ್ರಶ್ನೆ ಅದೇ. ಕಾರನ್ನು ಒಂದೇ ಸ್ಪೀಡ್‌ನಲ್ಲಿ ಹಿಡಿದಿಡೋದು ಈಗ ದೊಡ್ಡ ವಿದ್ಯೆ ಏನಲ್ಲ. ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಸಾಕು. ಆದ್ರೆ ಬಿಡು ಅಂದಾಗ ಅದು ಬಿಡಬೇಕು. ಪ್ರತಿ ಸಲ ಬಿಡಬೇಕು. ಮಳೆಯಲ್ಲಿ ನೆಂದ ಮೇಲೂ, ಐದು ವರ್ಷ ಹಳೆಯದಾದ ಮೇಲೂ, ಎಲ್ಲೋ ಒಂದು ವೈರ್ ತುಂಡಾಗಿ ಬಿದ್ದಿದ್ದರೂ ಬಿಡಬೇಕು. ಕಷ್ಟ ಇರೋದೆಲ್ಲ ಅಲ್ಲಿ. ಅರ್ಧ ಗಂಟೆ ಕೆಲಸ ಅಂದವರು ಹಿಡಿಸೋ ಕೆಲಸಕ್ಕೆ ಎಷ್ಟು ಹೊತ್ತು ಬೇಕೋ ಅದನ್ನ ಹೇಳಿದ್ದಾರೆ ಅಷ್ಟೇ.

ಒಂದು ಕಾರಿನ ಕಥೆ ಹೇಳಿಬಿಡ್ತೀನಿ. ನಾನು ಇಪ್ಪತ್ತು ವರ್ಷದ ಮೇಲಾಯ್ತು ಕಾರಿನ ವೈರಿಂಗ್ ಕೆಲಸ ಮಾಡೋಕೆ ಶುರು ಮಾಡಿ, ಗ್ಯಾರೇಜ್ ಮಾಗಡಿ ರೋಡ್ ಕಡೆ. ಎಲ್ಲೋ ಹೊರಗೆ ಕ್ರೂಸ್ ಕಿಟ್ ಹಾಕಿಸಿಕೊಂಡಿದ್ದ ಒಂದು ಸೆಡಾನ್ ಬಂತು. ದೂರು ಏನಪ್ಪಾ ಅಂದ್ರೆ, ಕ್ರೂಸ್‌ನಲ್ಲಿದ್ದಾಗ ಕ್ಲಚ್ ತುಳಿದರೆ ಇಂಜಿನ್ ಒಂದು ಕ್ಷಣ ಕಿರುಚುತ್ತೆ. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟು ನೋಡಿದೆ. ಕಿಟ್‌ನ ಕ್ಲಚ್ ವೈರನ್ನು ಜೋಡಿಸಿದ್ದರು, ಆದರೆ ತಪ್ಪು ಸ್ವಿಚ್‌ಗೆ. ಈಗಿನ ಎಷ್ಟೋ ಕಾರುಗಳಲ್ಲಿ ಕ್ಲಚ್ ತುಳಿಯದೆ ಸ್ಟಾರ್ಟ್ ಆಗಲ್ಲ ಅಲ್ವಾ, ಅದಕ್ಕೊಂದು ಸ್ವಿಚ್ ಇರುತ್ತೆ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಮಾತ್ರ ಅದು ಕೆಲಸ ಮಾಡುತ್ತೆ. ಕ್ರೂಸ್‌ಗೆ ಬೇಕಾಗಿರೋದು ಮೇಲಿನ ಸ್ವಿಚ್, ಪೆಡಲ್ ಸ್ವಲ್ಪ ಅಲ್ಲಾಡಿದ ತಕ್ಷಣ ಸುದ್ದಿ ಮುಟ್ಟಿಸೋದು. ಕೆಳಗಿನ ಸ್ವಿಚ್‌ಗೆ ಕೊಟ್ಟರೆ ಏನಾಗುತ್ತೆ? ಕ್ಲಚ್ ಅರ್ಧ ಬಿಟ್ಟುಕೊಂಡಿರುತ್ತೆ, ಇಂಜಿನ್ ಮೇಲಿನ ಭಾರ ಇಳಿದಿರುತ್ತೆ, ಕಿಟ್ ಮಾತ್ರ ಇನ್ನೂ ಎಕ್ಸಿಲೇಟರ್ ಒತ್ತುತ್ತಲೇ ಇರುತ್ತೆ. ಕಿರುಚದೆ ಇನ್ನೇನು ಮಾಡುತ್ತೆ ಹೇಳಿ.

ಅದು ಸಣ್ಣದು. ಪಕ್ಕದಲ್ಲೇ ಬ್ರೇಕ್ ವೈರ್ ಇತ್ತು. ಕಂಪನಿ ವೈರಿನ ಮೇಲಿನ ಸಿಪ್ಪೆ ಸುಲಿದು, ಅದಕ್ಕೆ ಕಿಟ್‌ನ ವೈರ್ ತಿರುಚಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಟೇಪಿನ ಗೋಂದು ಬಿಸಿಗೆ ಕರಗಿ ಅಂಟಂಟು. ಒಳಗಿನ ತಾಮ್ರ ಹಸಿರು ಬಂದಿತ್ತು. ಎರಡು ಬೆರಳಲ್ಲಿ ಮೆಲ್ಲಗೆ ಎಳೆದೆ, ಕೈಗೇ ಬಂತು. ಆ ಮನುಷ್ಯರು ಅದರಲ್ಲೇ ಎಂಟು ತಿಂಗಳು ಹಾಸನಕ್ಕೆ ಓಡಾಡಿದ್ದರು, ಮಕ್ಕಳನ್ನ ಹಿಂದೆ ಕೂರಿಸಿಕೊಂಡು.

ಈಗ ಒಳಗೆ ಏನು ನಡೆಯುತ್ತೆ ಅಂತ ಸ್ವಲ್ಪ ನೋಡೋಣ, ಇದು ಗೊತ್ತಿಲ್ಲದೆ ಮುಂದಿನದು ಅರ್ಥ ಆಗಲ್ಲ. ಹಳೇ ಕಾರುಗಳಲ್ಲಿ ಎಕ್ಸಿಲೇಟರ್ ಪೆಡಲ್‌ನಿಂದ ಇಂಜಿನ್‌ಗೆ ಒಂದು ಕೇಬಲ್ ಹೋಗುತ್ತಿತ್ತು. ಕ್ರೂಸ್ ಅಂದ್ರೆ ಆ ಕೇಬಲ್ಲನ್ನು ಎಳೆದು ಹಿಡಿಯೋ ಇನ್ನೊಂದು ಕೈ, ಅಷ್ಟೇ. 1958ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಇದನ್ನ ಕಾರಿನಲ್ಲಿ ಕೊಡೋಕೆ ಶುರು ಮಾಡಿತು. ಇದನ್ನ ಕಂಡುಹಿಡಿದ ರಾಲ್ಫ್ ಟೀಟರ್ ಅವರಿಗೆ ಚಿಕ್ಕಂದಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂತು, ಸ್ಪೀಡ್ ಏರಿ ಇಳಿದು ಏರಿ ಇಳಿದು ಸಾಕಾಗಿ ಹುಟ್ಟಿದ ಯೋಚನೆಯಂತೆ. ಪಕ್ಕದ ಸೀಟಿನವರ ಮಾತಿಗೆ ಬೆಲೆ ಇದೆ ಅಂತ ಆಗಲೇ ಗೊತ್ತಾಯ್ತಲ್ಲ, ನಿಮ್ಮ ಮನೆಯವರಿಗೆ ಹೇಳಿ.

ನಿಮ್ಮ ಕಾರಿನಲ್ಲಿ ಕೇಬಲ್ ಇಲ್ಲ. ಪೆಡಲ್ ಬುಡದಲ್ಲಿ ಒಂದು ಸೆನ್ಸರ್ ಇದೆ. ನೀವು ಎಷ್ಟು ಒತ್ತಿದಿರಿ ಅನ್ನೋದನ್ನ ಅದು ವೋಲ್ಟೇಜ್ ಲೆಕ್ಕದಲ್ಲಿ ಇಸಿಯುಗೆ, ಅಂದ್ರೆ ಇಂಜಿನ್ ನೋಡಿಕೊಳ್ಳೋ ಕಂಪ್ಯೂಟರ್‌ಗೆ ಹೇಳುತ್ತೆ. ಒಂದಲ್ಲ, ಎರಡು ದಾರಿಯಲ್ಲಿ ಹೇಳುತ್ತೆ. ಎಷ್ಟೋ ಕಾರುಗಳಲ್ಲಿ ಒಂದು ವೋಲ್ಟೇಜ್ ಇನ್ನೊಂದರ ಅರ್ಧ ಇರುತ್ತೆ. ಎರಡೂ ಒಂದಕ್ಕೊಂದು ತಾಳೆ ಆಗ್ತಿದೆಯಾ ಅಂತ ಇಸಿಯು ಯಾವಾಗಲೂ ನೋಡ್ತಾನೇ ಇರುತ್ತೆ. ತಾಳೆ ತಪ್ಪಿದರೆ ಪಿ2138 ಅನ್ನೋ ದೋಷದ ಕೋಡ್ ಬಿದ್ದು, ಇಂಜಿನ್ ಲೈಟ್ ಹತ್ತಿ, ಕಾರು ತೆವಳೋಕೆ ಶುರು ಮಾಡುತ್ತೆ. ಬ್ರೇಕ್ ಪೆಡಲ್ ಕಥೆಯೂ ಹೀಗೇ. ಕ್ರೂಸ್ ಇರೋ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಸ್ವಿಚ್ ಒಳಗೆ ಎರಡು ಕಾಂಟ್ಯಾಕ್ಟ್ ಇರುತ್ತೆ. ತುಳಿದಾಗ ಒಂದು ಸೇರುತ್ತೆ, ಇನ್ನೊಂದು ಬಿಡುತ್ತೆ. ಒಂದು ಕೆಟ್ಟರೂ ಇನ್ನೊಂದು ಹೇಳುತ್ತೆ, ಎರಡೂ ಒಂದೇ ಮಾತು ಹೇಳದಿದ್ದರೆ ಇಸಿಯು ಕ್ರೂಸನ್ನೇ ಕೊಡಲ್ಲ. ಕಂಪನಿಯವರು ದುಡ್ಡು ಸುರಿದಿರೋದು ಈ ಅನುಮಾನದ ಮೇಲೆ. ಆರೂವರೆ ಸಾವಿರದ ಕಿಟ್‌ನಲ್ಲಿ ಇಷ್ಟು ಅನುಮಾನ ಸಿಗೋದು ಕಷ್ಟ.

ನೀವು ಮೊದಲು ಕೇಳಿಕೊಳ್ಳಬೇಕಾದ್ದು ಯಾವ ಕಿಟ್ ಅಂತ ಅಲ್ಲ, ನಿಮ್ಮ ಕಾರಿನ ಇಸಿಯುಗೆ ಕ್ರೂಸ್ ಆಗಲೇ ಗೊತ್ತಾ ಅಂತ. ಟಾಪ್ ಮಾಡಲ್‌ನಲ್ಲಿ ಇದೆ, ಇಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ಕೆಲವು ಕಂಪನಿಗಳು ಎಲ್ಲ ವೇರಿಯಂಟ್‌ಗೂ ಒಂದೇ ಇಸಿಯು ಹಾಕಿ, ಕೆಳಗಿನ ಮಾಡಲ್‌ನಲ್ಲಿ ಬರೀ ಸ್ಟೇರಿಂಗ್ ಮೇಲಿನ ಬಟನ್ ಕೊಡದೆ ಬಿಟ್ಟಿರುತ್ತವೆ. ನಮ್ಮಲ್ಲಿ ಫೋಕ್ಸ್‌ವ್ಯಾಗನ್ ಪೋಲೊ, ವೆಂಟೊ ಇಟ್ಟುಕೊಂಡಿದ್ದವರು ಎಷ್ಟೋ ಜನ ಕ್ರೂಸ್ ಇರೋ ಇಂಡಿಕೇಟರ್ ಕಡ್ಡಿ ತರಿಸಿ ಹಾಕಿಸಿ, ಲ್ಯಾಪ್‌ಟಾಪ್‌ನಿಂದ ಕೋಡಿಂಗ್, ಅಂದ್ರೆ ಕ್ರೂಸ್ ಆನ್ ಮಾಡೋ ಸೆಟ್ಟಿಂಗ್, ಮಾಡಿಸಿಕೊಂಡಿದ್ದಾರೆ. ಹೀಗೆ ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಿಡಿಯೋದೂ ಕಂಪನಿಯ ಇಸಿಯು, ಬಿಡೋದೂ ಕಂಪನಿಯ ಇಸಿಯು, ಮಧ್ಯೆ ಯಾರೂ ಇಲ್ಲ. ಆದರೆ ಎಲ್ಲ ಕಾರಲ್ಲೂ ಹೀಗಿರಲ್ಲ. ಕೆಲವಕ್ಕೆ ಸಾಫ್ಟ್‌ವೇರ್ ಬೇರೆ, ಕೆಲವಕ್ಕೆ ಮೀಟರ್ ಬೋರ್ಡೇ ಬೇರೆ. ನಿಮ್ಮ ಕಾರು, ನಿಮ್ಮ ವರ್ಷ, ನಿಮ್ಮ ಇಸಿಯುವಿನ ಪಾರ್ಟ್ ನಂಬರ್, ಮೂರೂ ಟಾಪ್ ಮಾಡಲ್ ಜೊತೆ ಹೋಲಿಸಿ ನೋಡದೆ ಬಟನ್ ತಗೋಬೇಡಿ. ಸ್ಪೇರ್ಸ್ ಕೌಂಟರ್‌ನಲ್ಲಿ ಚಾಸಿ ನಂಬರ್ ಕೊಟ್ಟರೆ ಪಾರ್ಟ್ ನಂಬರ್ ತೆಗೆದುಕೊಡ್ತಾರೆ.

ಈ ದಾರಿಯಲ್ಲೂ ಒಂದು ಮುಳ್ಳಿದೆ. ಬಟನ್‌ಗಳು ಸ್ಟೇರಿಂಗ್ ಮೇಲೆ ಬರೋದಾದರೆ ಏರ್‌ಬ್ಯಾಗ್ ಬಿಚ್ಚಬೇಕು. ಅದರೊಳಗೆ ಇರೋದು ಸಿಡಿಯೋ ಮದ್ದು, ಸ್ಟೀರಿಯೋ ಅಲ್ಲ. ಬ್ಯಾಟರಿ ನೆಗೆಟಿವ್ ತೆಗೆದು, ಸರ್ವಿಸ್ ಮ್ಯಾನುವಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು ಆಮೇಲೆ ಕೈ ಹಾಕಬೇಕು. ಏರ್‌ಬ್ಯಾಗ್ ಕಪ್ಲರ್‌ಗೆ, ಅಂದ್ರೆ ವೈರ್ ಜೋಡಿಸೋ ಪ್ಲಗ್‌ಗೆ, ಮಲ್ಟಿಮೀಟರ್ ಇಟ್ಟು 'ಕಂಟಿನ್ಯೂಟಿ ಇದೆಯಾ', ವೈರ್ ತುಂಡಾಗಿಲ್ಲ ತಾನೆ ಅಂತ ನೋಡೋ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ, ಮೀಟರಿನ ಆ ಸಣ್ಣ ಕರೆಂಟೇ ಅದನ್ನ ಸಿಡಿಸಬಹುದು. ಅದರ ಹಿಂದೆ ಕ್ಲಾಕ್ ಸ್ಪ್ರಿಂಗ್ ಇರುತ್ತೆ. ಗಡಿಯಾರದ ಸ್ಪ್ರಿಂಗ್ ತರ ಸುತ್ತಿಟ್ಟ ಪಟ್ಟಿ ವೈರ್ ಅದು. ಸ್ಟೇರಿಂಗ್ ಎಷ್ಟು ತಿರುಗಿದರೂ ಹಾರ್ನ್‌ಗೂ ಏರ್‌ಬ್ಯಾಗ್‌ಗೂ ಸಂಪರ್ಕ ತಪ್ಪದ ಹಾಗೆ ನೋಡಿಕೊಳ್ಳೋದು ಅದರ ಕೆಲಸ. ಚಕ್ರ ನೇರ ಇಟ್ಟು, ಸ್ಪ್ರಿಂಗನ್ನು ನಡು ಜಾಗಕ್ಕೆ ತಂದು ಕೂರಿಸಬೇಕು. ಒಂದು ಸುತ್ತು ಆಚೀಚೆ ಆಗಿ ಕೂತರೆ ಅವತ್ತು ಏನೂ ಗೊತ್ತಾಗಲ್ಲ. ಒಂದು ದಿನ ಬೇಸ್‌ಮೆಂಟ್‌ನಲ್ಲಿ ಪೂರ್ತಿ ತಿರುಗಿಸಿ ರಿವರ್ಸ್ ತಗೊಳ್ಳುವಾಗ ಪಟ್ ಅಂತ ತುಂಡಾಗುತ್ತೆ. ಆಮೇಲೆ ಹಾರ್ನ್ ಇಲ್ಲ, ಏರ್‌ಬ್ಯಾಗ್ ಲೈಟ್ ಆರಲ್ಲ. ಇನ್ನೊಂದು ಮಾತು, ಟಾಪ್ ಮಾಡಲ್‌ನ ಕ್ಲಾಕ್ ಸ್ಪ್ರಿಂಗ್‌ನಲ್ಲಿ ಪಿನ್ ಜಾಸ್ತಿ ಇರಬಹುದು, ಆಗ ಅದನ್ನೂ ತರಿಸಬೇಕು. ಶಿವಾಜಿನಗರದ ಗುಜರಿಯಲ್ಲಿ ಕಡಿಮೆಗೆ ಸಿಕ್ಕಿತು ಅಂತ ಆಕ್ಸಿಡೆಂಟ್ ಕಾರಿನದ್ದು ತರಬೇಡಿ. ಬಟನ್ ಬೇಕಾದರೆ ತನ್ನಿ, ಕ್ಲಾಕ್ ಸ್ಪ್ರಿಂಗ್ ಬೇಡ.

ಇಸಿಯುಗೆ ಕ್ರೂಸ್ ಗೊತ್ತಿಲ್ಲ ಅಂತಾದರೆ ಉಳಿಯೋದು ಹೊರಗಿನ ಕಿಟ್. ಈ ಕಿಟ್ ಪೆಡಲ್ ಸೆನ್ಸರ್‌ಗೂ ಇಸಿಯುಗೂ ಮಧ್ಯೆ ಕೂರುತ್ತೆ. ನೀವು ಕಾಲು ತೆಗೆದ ಮೇಲೂ 'ಸಾಹೇಬ್ರು ಇಷ್ಟು ಒತ್ತಿದ್ದಾರೆ' ಅಂತ ಇಸಿಯುಗೆ ಸುಳ್ಳು ಹೇಳೋದೇ ಅದರ ಕೆಲಸ. ಸುಳ್ಳನ್ನು ನಂಬೋ ಇಸಿಯುಗೆ ಕ್ರೂಸ್ ಆನ್ ಇದೆ ಅನ್ನೋದೇ ಗೊತ್ತಿರಲ್ಲ, ಆದ್ದರಿಂದ ಕ್ರೂಸ್‌ಗೆ ಅಂತ ಇರೋ ಅದರ ಅನುಮಾನದ ಲೆಕ್ಕ ಇಲ್ಲಿ ಕೆಲಸಕ್ಕೆ ಬರಲ್ಲ. ಬಿಡೋ ಜವಾಬ್ದಾರಿ ಪೂರ್ತಿ ಆ ಪುಟ್ಟ ಡಬ್ಬಿಯದ್ದು. ಪ್ಲಗ್ ಅಂಡ್ ಪ್ಲೇ ಅನ್ನೋದು ಪೆಡಲ್ ಕಪ್ಲರ್ ಮಟ್ಟಿಗೆ ನಿಜ. ಸ್ಪೀಡ್, ಬ್ರೇಕ್, ಕ್ಲಚ್, ಈ ಮೂರೂ ಅದಕ್ಕೆ ಬೇಕೇ ಬೇಕು, ಎಷ್ಟೋ ಕಿಟ್‌ಗಳಲ್ಲಿ ಅವನ್ನು ನೀವೇ ಹುಡುಕಿ ಜೋಡಿಸಬೇಕು.

ಸ್ಪೀಡ್ ಸಿಗ್ನಲ್‌ಗೆ ಅಂತ ಚಕ್ರದ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋ ವ್ಯವಸ್ಥೆ) ಸೆನ್ಸರ್ ವೈರ್ ಸುಲಿಯೋರನ್ನ ನೋಡಿದ್ದೇನೆ. ಕಾಲಿಗೆ ಆರಾಮ ಬೇಕು ಅಂತ ಎಬಿಎಸ್ ಕೆಡಿಸಿಕೊಳ್ಳೋದು ಯಾವ ಲೆಕ್ಕ? ಒಬಿಡಿ ಪೋರ್ಟ್‌ನಿಂದ, ಅಂದ್ರೆ ಸರ್ವಿಸ್‌ನವರು ಸ್ಕ್ಯಾನರ್ ಚುಚ್ಚೋ ಜಾಗದಿಂದ, ಸ್ಪೀಡ್ ಓದೋ ಕಿಟ್ ಇದಕ್ಕಿಂತ ವಾಸಿ. ಬ್ರೇಕ್ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಕೆಲವು ಕಿಟ್‌ಗಳು ಬ್ರೇಕ್ ಲೈಟಿನ ಬಲ್ಬ್ ಮೂಲಕವೇ ಅರ್ತ್ ಸಿಗ್ತಿದೆಯಾ ಅಂತ ನೋಡಿಕೊಂಡು, ಸಿಕ್ಕರೆ ಮಾತ್ರ ಆನ್ ಆಗುತ್ತವೆ. ಒಳ್ಳೆ ಯೋಚನೆ. ನೀವು ಬಲ್ಬ್ ತೆಗೆದು ಎಲ್‌ಇಡಿ ಹಾಕಿಕೊಂಡಿದ್ದರೆ ಅಂಥ ಕಿಟ್ ಏಳೋದೇ ಇಲ್ಲ. ಆಗ ಕೆಲವು ಅಂಗಡಿಯವರು ಏನ್ ಮಾಡ್ತಾರೆ ಅಂದ್ರೆ, ಆ ವೈರನ್ನು ಡೈರೆಕ್ಟಾಗಿ ಬಾಡಿ ಅರ್ತ್‌ಗೆ ಕೊಟ್ಟುಬಿಡ್ತಾರೆ. ಕ್ರೂಸ್ ಶುರು ಆಯ್ತು, ಗಿರಾಕಿ ಖುಷಿ. ಬ್ರೇಕ್ ಗೊತ್ತಾಗೋ ದಾರಿ ಮಾತ್ರ ಹೋಯ್ತು.

ಹಾಗಾದ್ರೆ ಕಿಟ್ ಎಲ್ಲ ಕೆಟ್ಟದ್ದಾ? ಅಲ್ಲ. ನಿಮ್ಮ ಕಾರಿಗೇ ಮಾಡಿದ ಹಾರ್ನೆಸ್ (ವೈರ್‌ಗಳ ಕಟ್ಟು) ಜೊತೆ ಬರೋ, ಬ್ರೇಕ್‌ಗೆ ಎರಡು ಕಡೆಯಿಂದ ಸಿಗ್ನಲ್ ತಗೊಳ್ಳೋ, ಇಂಜಿನ್ ಆರ್‌ಪಿಎಂ (ಇಂಜಿನ್ ಸುತ್ತೋ ವೇಗ) ದಿಢೀರ್ ಏರಿದರೆ ತಾನೇ ಬಿಡೋ ಕಿಟ್‌ಗಳು ಇವೆ. ಬೆಲೆ ಜಾಸ್ತಿ. ನಾನೂ ಕೆಲವಕ್ಕೆ ಹಾಕಿಕೊಟ್ಟಿದ್ದೇನೆ. ಆದರೆ ಪೆಡಲ್ ಮಧ್ಯೆ ಕಟ್ಟೋ ಕಡ್ಡಿ, ಕೈಯಲ್ಲಿ ಲಾಕ್ ಮಾಡೋ ಕ್ಲಿಪ್ಪು ಅಂತೆಲ್ಲ ಬರುತ್ತಲ್ಲ, ಅದನ್ನ ಮನೆಯೊಳಗೆ ತರಲೇಬೇಡಿ.

ನೀವೇ ಮಾಡಬಹುದಾ ಅಂದಿರಿ. ಸ್ಟೀರಿಯೋ ಹಾಕೋವಾಗ ತಪ್ಪಾದರೆ ಹಾಡು ಬರಲ್ಲ, ಅಷ್ಟೇ. ಇಲ್ಲಿ ಹಾಗಲ್ಲ. ಪಾರ್ಟ್ ನಂಬರ್ ಹುಡುಕೋದು, ಹಾರ್ನೆಸ್ ಎಳೆಯೋದು, ಪ್ಯಾನಲ್ ಬಿಚ್ಚಿ ಹಾಕೋದು ಧಾರಾಳವಾಗಿ ಮಾಡಿ. ಜಾಯಿಂಟ್ ಹಾಕೋದಾದರೆ ಸರಿಯಾಗಿ ಕ್ರಿಂಪ್ ಮಾಡಿ (ಲೋಹದ ತುಂಡಿನಲ್ಲಿ ಒತ್ತಿ ಬಿಗಿದು) ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯೋ ಕೊಳವೆ) ಹಾಕಿ, ತಿರುಚಿ ಟೇಪ್ ಸುತ್ತೋದು ಬೇಡ. ವೈರ್ ಪೆಡಲ್‌ಗೆ ಸಿಕ್ಕದ ಹಾಗೆ ಟೈ ಹಾಕಿ ಕಟ್ಟಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸೋರಾದರೆ ಇಲಿ ಕಾಟವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ, ಬೆಂಗಳೂರಲ್ಲಿ ನನ್ನ ಸಂಪಾದನೆಯಲ್ಲಿ ಒಂದು ಪಾಲು ಇಲಿಗಳದ್ದೇ. ಏರ್‌ಬ್ಯಾಗ್ ಮಾತ್ರ ತಿಳಿದವರ ಕೈಗೆ ಕೊಡಿ. ಕೋಡಿಂಗೂ ಹಾಗೇ, ತಪ್ಪು ಅಕ್ಷರ ಬಿದ್ದರೆ ಗಾಡಿ ಸ್ಟಾರ್ಟ್ ಆಗದೆ ಟೋ ಮಾಡಿಸಿಕೊಂಡು ಬಂದವರೂ ಇದ್ದಾರೆ.

ಯಾರೇ ಹಾಕಲಿ, ದುಡ್ಡು ಕೊಡೋಕೆ ಮುಂಚೆ ಪರೀಕ್ಷೆ ಮಾಡಿ. ಖಾಲಿ ರಸ್ತೆಯಲ್ಲಿ ಐವತ್ತರಲ್ಲಿ ಕ್ರೂಸ್ ಹಾಕಿ. ಬ್ರೇಕ್ ಪೆಡಲ್ಲನ್ನು ಬರೀ ಲೈಟ್ ಹತ್ತೋಷ್ಟು ಸೋಕಿಸಿ, ಕಾರು ನಿಧಾನ ಆಗೋ ಮುಂಚೆಯೇ ಕ್ರೂಸ್ ಬಿಟ್ಟಿರಬೇಕು. ಕ್ಲಚ್‌ನಲ್ಲೂ ಅದೇ, ಇಂಜಿನ್ ಸದ್ದು ಏರಕೂಡದು. ಆಮೇಲೆ ಅಂಗಡಿಯವರಿಗೇ ಹೇಳಿ, ಬ್ರೇಕ್ ಲೈಟಿನ ಫ್ಯೂಸ್ ಕಿತ್ತು ಅವರ ಲಿಫ್ಟ್ ಮೇಲೆ ಕ್ರೂಸ್ ಹಾಕಿ ತೋರಿಸಲಿ. ಹಿಡಿಯಬಾರದು. ಹಿಡಿದರೆ ಆ ಕಿಟ್ ವಾಪಸ್ ಕೊಟ್ಟು ಮನೆಗೆ ಬನ್ನಿ. 'ಹಂಗೆಲ್ಲ ಯಾರು ನೋಡ್ತಾರೆ ಸಾರ್' ಅಂದರೂ ವಾಪಸ್ ಕೊಟ್ಟೇ ಬನ್ನಿ.

ಮನೆಯವರಿಗೂ ಇದನ್ನ ಹೇಳಿಕೊಡಿ. ಒಂದು ವೇಳೆ ಕಾರು ಬಿಡದೆ ಎಳೆದರೆ, ಬ್ರೇಕನ್ನು ಒಂದೇ ಸಲ ಜೋರಾಗಿ ತುಳಿದು ಹಿಡಿಯಬೇಕು. ತುಳಿದು ಬಿಟ್ಟು ತುಳಿದು ಬಿಟ್ಟು ಮಾಡಬಾರದು, ಇಂಜಿನ್ ಫುಲ್ ಎಳೆತದಲ್ಲಿದ್ದಾಗ ಬ್ರೇಕ್ ಒತ್ತೋಕೆ ಬಲ ಕೊಡೋ ಬೂಸ್ಟರ್‌ನ ವ್ಯಾಕ್ಯೂಮ್ ಎರಡು ಮೂರು ಸಲಕ್ಕೆ ಖಾಲಿಯಾಗಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಆಗುತ್ತೆ. ಜೊತೆಗೇ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ. ಇಂಜಿನ್ ಕಿರುಚಲಿ ಬಿಡಿ. ಓಡ್ತಿರುವಾಗ ಕೀ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು. ಪಕ್ಕಕ್ಕೆ ಬಂದು ನಿಂತ ಮೇಲೆ ಇಂಜಿನ್ ಆಫ್ ಮಾಡಿ.

ಜನ ಹೇಳೋ ಬೇರೆ ಮಾತುಗಳನ್ನ ಬೇಗ ಮುಗಿಸ್ತೀನಿ. ಮ್ಯಾನುವಲ್ ಗೇರ್‌ಗೆ ಕ್ರೂಸ್ ಆಗಲ್ಲ ಅನ್ನೋದು ಸುಳ್ಳು. ಮೈಲೇಜ್ ಏರುತ್ತೆ ಅನ್ನೋದು ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ಮಟ್ಟಿಗೆ ನಿಜ, ಶಿರಾಡಿ ಘಾಟ್‌ನಲ್ಲಿ ಹಾಕಿಕೊಂಡು ಕೂತರೆ ಉಲ್ಟಾ. ಮುಂದೆ ಕಾರು ಬಂದರೆ ತಾನೇ ನಿಧಾನ ಆಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಅದು ಅಡಾಪ್ಟಿವ್ ಕ್ರೂಸ್, ಅದಕ್ಕೆ ಮುಂದೆ ರೇಡಾರ್ ಅಥವಾ ಕ್ಯಾಮೆರಾ ಬೇಕು, ಬ್ರೇಕನ್ನೂ ಕಾರೇ ಹಾಕಬೇಕು. ನೀವು ಹಾಕೋದು ಬ್ರೇಕ್ ಮುಟ್ಟೋದೇ ಇಲ್ಲ, ಇಳಿಜಾರಲ್ಲಿ ಸ್ಪೀಡ್ ಏರಿದರೂ ಸುಮ್ನೆ ಇರುತ್ತೆ. ಮಳೆ ನೀರು ನಿಂತ ರಸ್ತೆಯಲ್ಲಂತೂ ಕ್ರೂಸ್ ಆಫ್ ಇರಬೇಕು.

ವಾರಂಟಿ ಬಗ್ಗೆ ಸರ್ವಿಸ್ ಸೆಂಟರ್‌ನವರು ಹೇಳಿದ್ದು ಬೆದರಿಕೆ ಅಷ್ಟೇ ಅಂತ ತಿಳಿಯಬೇಡಿ. ಎಲ್ಲ ಹೋಗುತ್ತೋ ಇಲ್ವೋ, ವೈರಿಂಗ್ ಮತ್ತೆ ಇಸಿಯು ಮೇಲೆ ಕ್ಲೇಮ್ ಹಾಕಿದಾಗ ಕಂಪನಿ ಕಪ್ಲರ್ ಬದಲು ಕಪ್ಪು ಟೇಪ್ ಕಂಡರೆ ಮಾತು ಅಲ್ಲಿಗೇ ಮುಗಿಯುತ್ತೆ. ಕಾನೂನಿನ ವಿಷಯಕ್ಕೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳೋದು ಆರ್‌ಸಿಯಲ್ಲಿನ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸಬಾರದು ಅಂತ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಬಿಗಿಯಾಗಿ ಹೇಳಿತು. ಆರ್‌ಸಿಯಲ್ಲಿ ಕ್ರೂಸ್ ಅಂತ ಒಂದು ಕಾಲಂ ಇಲ್ಲ. ಆದರೂ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರವನ್ನೂ ಬರವಣಿಗೆಯಲ್ಲೇ ತಗೊಂಡು ಇಟ್ಟುಕೊಳ್ಳಿ.

ಇನ್ನು ಚಲನ್. ಮೈಸೂರು ಹೈವೇಯಲ್ಲಿ ಕಾರಿಗೆ ಮಿತಿ ನೂರು, ಕ್ಯಾಮೆರಾ ಇದೆ. 2019ರ ಜುಲೈ 1ರಿಂದ ಬಂದ ಕಾರುಗಳಲ್ಲಿ ಎಂಬತ್ತು ದಾಟಿದರೆ ಬೀಪ್ ಬರುತ್ತೆ, ನೂರಿಪ್ಪತ್ತರ ಮೇಲೆ ಬಿಡದೆ ಕೂಗುತ್ತೆ. ನಡುವೆ ನೂರಕ್ಕೆ ಬೇರೆ ಎಚ್ಚರಿಕೆ ಇಲ್ಲ, ಚಲನ್ ಬೀಳೋದು ಆ ಸಂದಿಯಲ್ಲೇ. ಫೋನಿನ ಮ್ಯಾಪ್‌ನಲ್ಲಿ ಸ್ಪೀಡ್ ತೋರಿಸೋ ಆಯ್ಕೆ ಆನ್ ಮಾಡಿಕೊಳ್ಳಿ, ಪುಕ್ಕಟೆ. ಪಾದದ ನೋವಿಗೆ ಸೀಟ್ ಒಂದು ಹಲ್ಲು ಮುಂದೆ ತಂದು, ಹಿಮ್ಮಡಿ ನೆಲಕ್ಕೆ ಊರಿ ಒತ್ತಿ ನೋಡಿ. ಮುಕ್ಕಾಲು ಜನ ಸೀಟ್ ಹಿಂದೆ ತಳ್ಳಿ ಕಾಲು ಚಾಚಿ ಓಡಿಸ್ತಾರೆ, ನೋವು ಬರದೆ ಇರುತ್ತಾ. ಮದ್ದೂರಲ್ಲಿ ಕೆಳಗಿನ ರಸ್ತೆಗೆ ಇಳಿದು ವಡೆ ತಿಂದು ಹತ್ತು ನಿಮಿಷ ಓಡಾಡಿ. ಬೈಪಾಸ್ ಆದ ಮೇಲೆ ಆ ಅಭ್ಯಾಸವೇ ತಪ್ಪಿಹೋಗಿದೆ ಎಲ್ಲರಿಗೂ.

ಇಷ್ಟೆಲ್ಲ ಆದ ಮೇಲೂ ಕ್ರೂಸ್ ಬೇಕೇ ಬೇಕು ಅನಿಸಿದರೆ, ಈ ಭಾನುವಾರ ಒಂದು ಕೆಲಸ ಮಾಡಿ. ಏನೂ ಬಿಚ್ಚಬೇಡಿ. ಡ್ರೈವರ್ ಬಾಗಿಲು ತೆಗೆದು, ಬೆನ್ನಿಗೆ ಒಂದು ಹಳೇ ಬೆಡ್‌ಶೀಟ್ ಹಾಸಿಕೊಂಡು ಮಲಗಿ, ಟಾರ್ಚ್ ಹಿಡಿದು ಪೆಡಲ್‌ಗಳ ಮೇಲೆ ನೋಡಿ. ಬ್ರೇಕ್ ಸ್ವಿಚ್‌ನ ಕಪ್ಲರ್‌ಗೆ ಎರಡು ವೈರಾ ನಾಲ್ಕು ವೈರಾ ಎಣಿಸಿ. ಕ್ಲಚ್ ಪೆಡಲ್‌ನ ಮೇಲ್ತುದಿಯಲ್ಲಿ ಸ್ವಿಚ್ ಇದೆಯಾ, ಅಥವಾ ಅದು ಕೂರೋ ತೂತು ಮಾತ್ರ ಖಾಲಿ ಇದೆಯಾ ನೋಡಿ. ಎರಡರದ್ದೂ ಫೋಟೋ ತೆಗೆದು, ಇಸಿಯು ಪಾರ್ಟ್ ನಂಬರ್ ಜೊತೆ ಕಳಿಸಿ. ನಾಲ್ಕು ವೈರ್, ಮೇಲಿನ ಕ್ಲಚ್ ಸ್ವಿಚ್, ಎರಡೂ ಇದ್ದರೆ ಬಟನ್ ಹಾಕಿ ಕೋಡಿಂಗ್ ಮಾಡೋ ದಾರಿ ನಿಮ್ಮ ಕಾರಿಗೆ ಇರಬಹುದು, ಪಾರ್ಟ್ ನಂಬರ್ ನೋಡಿ ಹೇಳ್ತೀನಿ. ಅಲ್ಲಿವರೆಗೆ ಆ ಆರೂವರೆ ಸಾವಿರದ ಕಿಟ್ ಆರ್ಡರ್ ಮಾಡಬೇಡಿ.